ಮನೆಯಲ್ಲಿ ಕಣಜದ ಗೂಡು: ಮುಂಬಯಿ, ಪುಣೆ, ಗೋವಾದ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಕಿಟಕಿಯ ಗ್ರಿಲ್‌ನಲ್ಲೋ ಏಸಿಯ ಹಿಂದೆಯೋ ಗೂಡು ಕಂಡ ಕೂಡಲೇ ಕೈ ಪೊರಕೆಯ ಕಡೆ ಹೋಗುತ್ತದೆ. ಹಟ್ಟಹಗಲಲ್ಲಿ, ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ, ಹುಳು ಯಾವುದೆಂದು ನೋಡದೆ ಬೀಸಿದ ಆ ಒಂದು ಏಟಿಗೆ ಮನೆಯವರೆಲ್ಲ ಕಚ್ಚಿಸಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಮೊದಲ ಜಾಗ ಗುರುತಿಸುವುದಕ್ಕೆ. ಹುಳು ಯಾವುದೆಂದು ಗೊತ್ತಾದರೆ ಅದು ಹತ್ತು ನಿಮಿಷದ ಕೆಲಸವೋ, ಪೆಸ್ಟ್ ಕಂಟ್ರೋಲ್‌ನವರ ಕೆಲಸವೋ, ಮುಟ್ಟಬೇಕಾಗಿಯೇ ಇಲ್ಲವೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಬಿಡಬೇಕು. "ಚಳಿಗಾಲದವರೆಗೆ ಕಾಯಿರಿ, ಗೂಡು ತಾನೇ ಸಾಯುತ್ತದೆ" ಎಂಬ ಸಲಹೆ ಹಿಮ ಬೀಳುವ ದೇಶಗಳದ್ದು. ಅಲ್ಲಿ ಕೆಲಸಗಾರ ಹುಳುಗಳು ಚಳಿಗೆ ಸತ್ತು, ಹೊಸ ರಾಣಿಗಳು ಮಾತ್ರ ಉಳಿದು, ಮುಂದಿನ ವರ್ಷ ಹೊಸ ಗೂಡು ಶುರುವಾಗುತ್ತದೆ. ಡೊಂಬಿವಲಿಯಲ್ಲೋ ವಾಸ್ಕೋದಲ್ಲೋ ಅಂಥ ಚಳಿ ಎಲ್ಲಿಯದು? ನಮ್ಮ ಕಡೆ ಮನೆಗಳಲ್ಲಿ ಕಾಣುವ ಸಣ್ಣ ಕಂದು ಕಣಜ, ರೊಪಾಲಿಡಿಯಾ ಮಾರ್ಜಿನೇಟಾ, ವರ್ಷದ ಹನ್ನೆರಡು ತಿಂಗಳೂ ಗೂಡು ನಡೆಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದೇ ಹುಳುವನ್ನು. ಈ ಜಾತಿಯಲ್ಲಿ ರಾಣಿ ಇಲ್ಲವಾದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ ಹುಳುಗಳಲ್ಲೊಂದು ಜೋರು ತೋರಿಸಲು ತೊಡಗುತ್ತದೆ. ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆಯಿಡುವ ಹೊಸ ರಾಣಿ. ಹಾಗಾಗಿ "ದೊಡ್ಡದೊಂದನ್ನು ಕೊಂದರೆ ಸಾಕು" ಎಂಬುದೂ ನಡೆಯುವುದಿಲ್ಲ. ಗೂಡನ್ನೇ ತೆಗೆಯಬೇಕು, ಅಥವಾ ಅದರ ಪಾಡಿಗೆ ಬಿಡಬೇಕು.

ಗುರುತಿಸುವುದು

ಬೆಳಿಗ್ಗೆ 9ರಿಂದ 11ರೊಳಗೆ, ಬಿಸಿಲು ಬಿದ್ದಿರುವಾಗ, ಮೂರು ಮೀಟರ್ ದೂರದಲ್ಲಿ ಮುಚ್ಚಿದ ಗಾಜಿನ ಹಿಂದೆ ಹದಿನೈದು ನಿಮಿಷ ನಿಂತು ನೋಡಿ. ಮೊಬೈಲ್‌ನಲ್ಲಿ ಜೂಮ್ ಮಾಡಿ ಚಿತ್ರ ತೆಗೆದುಕೊಳ್ಳಿ. ಹುಳುವಿನ ಉದ್ದ, ಸೊಂಟ, ಗೂಡಿನ ಮಣ್ಣು ಅಥವಾ ಕಾಗದ, ಮೂರೂ ಕಾಣಬೇಕು.

ಗೂಡು ಮಣ್ಣಿನದಾದರೆ ಹೆದರಿಕೆ ಅರ್ಧ ಇಳಿಯಿತು. ಗೋಡೆಯ ಮೂಲೆಯಲ್ಲಿ, ಪುಸ್ತಕದ ಕಪಾಟಿನ ಹಿಂದೆ, ಪರದೆಯ ಮಡಿಕೆಯಲ್ಲಿ ಬೆರಳುಗಳನ್ನು ಜೋಡಿಸಿಟ್ಟಂತೆ ಅಂಟಿದ ಮಣ್ಣಿನ ಮುದ್ದೆ, ಇಲ್ಲವೇ ಪುಟ್ಟ ಮಡಕೆಯ ಆಕಾರ: ಇದು ಕುಂಬಾರ ಹುಳು. ಮಣ್ಣು ಮುದ್ದೆಯದು ಕಪ್ಪು-ಹಳದಿ ಮೈ, ದಾರದಂಥ ಸೊಂಟ. ಒಂಟಿ ತಾಯಿ ಕಟ್ಟಿ, ಕೊಂಡಿಯಿಂದ ಮರಗಟ್ಟಿಸಿದ ಜೇಡಗಳನ್ನು ತುಂಬಿ, ಒಂದು ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗಿಬಿಡುತ್ತದೆ. ಮಡಕೆ ಕಟ್ಟುವ ಜಾತಿಯವು ಜೇಡದ ಬದಲು ಕಂಬಳಿಹುಳು ತುಂಬುತ್ತವೆ. ಕಾಯುವ ಸೈನ್ಯ ಎರಡಕ್ಕೂ ಇಲ್ಲ. ಗೂಡು ಮುಟ್ಟಿದರೆ ಮೈಮೇಲೆ ಬರುವುದಿಲ್ಲ, ಹುಳುವನ್ನೇ ಮುಷ್ಟಿಯಲ್ಲಿ ಹಿಡಿದರಷ್ಟೇ ಕಚ್ಚುತ್ತವೆ.

ಬೂದು ಬಣ್ಣದ ಕಾಗದದಂಥ ಎರಿ, ಕೆಳಗೆ ತೆರೆದ ಆರು ಮೂಲೆಯ ಕೋಣೆಗಳು, ಇಡೀ ಗೂಡು ಒಂದು ತೆಳು ತೊಟ್ಟಿನಿಂದ ತೂಗುತ್ತಿದೆ: ಇದು ಕಾಗದ ಕಣಜ. ಹುಳು ಒಂದು ಸೆಂಟಿಮೀಟರ್‌ಗಿಂತ ತುಸು ಉದ್ದ, ಕೆಂಪುಗಂದು, ಹೊಟ್ಟೆಯ ಮೇಲೆ ಸಣ್ಣ ಹಳದಿ ಗೆರೆ ಇದ್ದರೆ ಮೇಲೆ ಹೇಳಿದ ರೊಪಾಲಿಡಿಯಾ. ಎರಡು ಸೆಂಟಿಮೀಟರ್ ಸುಮಾರಿಗೆ ಇದ್ದು, ಮೈಯೆಲ್ಲ ಹಳದಿ, ಹಾರುವಾಗ ಹಿಂಗಾಲು ಜೋತುಬಿದ್ದಿದ್ದರೆ ಪಾಲಿಸ್ಟಿಸ್. ಎರಡೂ ಗುಂಪಿನಲ್ಲಿ ಬಾಳುತ್ತವೆ, ಗೂಡನ್ನು ಕಾಯುತ್ತವೆ. ಹುಳುಗಳ ಸಂಖ್ಯೆ ಸಾಮಾನ್ಯವಾಗಿ ಹತ್ತಾರು, ನೂರು ದಾಟುವುದು ಅಪರೂಪ. ನೀವು ಹತ್ತಿರ ಬಂದಾಗ ಹುಳುಗಳು ಮುಂಗಾಲೆತ್ತಿ, ರೆಕ್ಕೆ ಅಗಲಿಸಿ, ನಿಮ್ಮತ್ತಲೇ ಮುಖ ಮಾಡಿ ನಿಂತರೆ ಅದು ಎಚ್ಚರಿಕೆ. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ.

ಗೂಡು ಕಾಣುವುದೇ ಇಲ್ಲ, ಗೋಡೆಯ ತೂತಿಗೋ ಫಾಲ್ಸ್ ಸೀಲಿಂಗ್‌ನ ಸಂದಿಗೋ ಎರಡೂವರೆ ಸೆಂಟಿಮೀಟರ್ ಉದ್ದದ ಹುಳುಗಳು ಸಾಲಾಗಿ ಬಂದುಹೋಗುತ್ತಿವೆ: ಇದು ದೊಡ್ಡ ಕಡಜ. ಒಂದು ಜಾತಿ ಕಪ್ಪು ಮೈಗೆ ಹೊಟ್ಟೆಯ ಮೇಲೆ ಅಗಲವಾದ ಕಿತ್ತಳೆ-ಹಳದಿ ಪಟ್ಟಿಯದು, ಇನ್ನೊಂದು ಇಟ್ಟಿಗೆ ಬಣ್ಣದ್ದು, ಮುಖ ಹಳದಿ. ಇದರ ಗೂಡು ನಿಮ್ಮ ಕೈಕೆಲಸವಲ್ಲ. ಆದರೆ ಕಪ್ಪು ಕಡಜ ಒಂದೇ ಒಂದು ಬಂದು ಗ್ರಿಲ್ ಸುತ್ತಿ ಹೋದರೆ ಮನೆಯಲ್ಲಿ ಅದರ ಗೂಡಿದೆ ಎಂದರ್ಥವಲ್ಲ. ಅದು ಕಾಗದ ಕಣಜದ ಗೂಡಿಗೆ ನುಗ್ಗಿ ಮರಿಗಳನ್ನು ತಿನ್ನುವ ಹುಳು. ಆಗ ಸಣ್ಣ ಕಣಜಗಳು ಗೂಡು ಬಿಟ್ಟು ಸುತ್ತಲ ಗೋಡೆಗೆ ಅಂಟಿ ಕೂರುತ್ತವೆ. ಅಂಥ ನೋಟ ಕಂಡರೆ ಹತ್ತಿರದಲ್ಲೇ ಒಂದು ಸಣ್ಣ ಗೂಡಿದೆ, ಅದನ್ನು ಹುಡುಕಿ.

ಇನ್ನು ಕಣಜವಲ್ಲದವು. ನೀರಿನ ಟ್ಯಾಂಕಿನಡಿ, ಹತ್ತನೇ ಮಹಡಿಯ ಸಜ್ಜಾದ ಕೆಳಗೆ ತೂಗುವ ಒಂದೇ ದೊಡ್ಡ ಎರಿ, ಅದರ ಮೇಲೆ ಅಲೆಯಲೆಯಾಗಿ ಮಿಂಚುವ ಹುಳುಗಳ ಹೊದಿಕೆ ಇದ್ದರೆ ಅದು ಹೆಜ್ಜೇನು. ಅದಕ್ಕೆ ಈ ಕೈಪಿಡಿಯ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಕಿಟಕಿ ಮುಚ್ಚಿ, ಸೊಸೈಟಿಗೆ ತಿಳಿಸಿ, ಜೇನು ಸಾಗಿಸುವವರನ್ನು ಕರೆಸಿ. ಪುಣೆಯಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೇ ಇದೆ, ಜೇನಿನ ಬಗ್ಗೆ ಕೇಳಲು ಅದು ಸರಿಯಾದ ಜಾಗ. ಮರದ ಚೌಕಟ್ಟಿನಲ್ಲೋ ಬಿದಿರಿನಲ್ಲೋ ಬೆರಳು ತೂರುವಷ್ಟು ದುಂಡನೆಯ ತೂತು, ಕೆಳಗೆ ಮರದ ಹುಡಿ ಇದ್ದರೆ ಮರ ಕೊರೆಯುವ ಕಪ್ಪು ದುಂಬಿ.

ಭಾಷೆಯ ಒಂದು ತೊಡಕು ಇಲ್ಲಿದೆ. ವಾಚ್‌ಮನ್‌ಗೋ ಪೆಸ್ಟ್ ಕಂಟ್ರೋಲ್ ಹುಡುಗನಿಗೋ "ಮಧಮಾಶಿ" ಎಂದರೆ ಅವನು ಜೇನೆಂದು ತಿಳಿದು ಬೇರೆಯದೇ ಸಿದ್ಧತೆಯಲ್ಲಿ ಬರುತ್ತಾನೆ. ಮರಾಠಿಯಲ್ಲಿ ಕಣಜಕ್ಕೆ "ಗಾಂಧೀಲ್‌ಮಾಶಿ", ಹೆಜ್ಜೇನಿಗೆ "ಆಗ್ಯಾ ಮೋಹೋಳ". ಫೋನಿನಲ್ಲಿ ಈ ಹೆಸರೇ ಹೇಳಿ, ಚಿತ್ರವನ್ನೂ ಕಳಿಸಿ.

ಗೂಡು ಬದುಕಿದೆಯೋ, ಬಿಟ್ಟುಹೋದದ್ದೋ?

ಕಾಗದದ ಗೂಡಾದರೆ ಎರಡು ದಿನ ಬೆಳಿಗ್ಗೆ ಹದಿನೈದು ನಿಮಿಷ, ಒಂದು ದಿನ ಕತ್ತಲಾದ ಮೇಲೆ ಒಮ್ಮೆ ನೋಡಿ. ಮೂರು ಸಲವೂ ಒಂದು ಹುಳುವೂ ಇಲ್ಲ, ಅಂಚು ಹರಿದು ಧೂಳು ಕೂತಿದೆ ಎಂದರೆ ಖಾಲಿ ಮನೆ, ಕೆರೆದು ತೆಗೆಯಿರಿ. ರಾತ್ರಿಯ ನೋಟ ಮುಖ್ಯ, ಏಕೆಂದರೆ ಹಗಲಲ್ಲಿ ಆಹಾರಕ್ಕೆ ಹೋದವು ರಾತ್ರಿ ಗೂಡಿನ ಮೇಲೇ ಇರುತ್ತವೆ. ಮಣ್ಣಿನ ಗೂಡಿಗೆ ಪೆನ್ಸಿಲ್ ದಪ್ಪದ ದುಂಡು ತೂತುಗಳು ಬಿದ್ದಿದ್ದರೆ ಮರಿ ಹಾರಿಹೋಗಿದೆ. ಎಲ್ಲ ಬಾಯಿಯೂ ಮುಚ್ಚಿದ್ದರೆ ಒಳಗೆ ಇನ್ನೂ ಇದೆ.

ತೆಗೆಯಬೇಕೋ ಬೇಡವೋ

ಕಾಗದ ಕಣಜದ ಗೂಡು ಜನ ಓಡಾಡುವ, ಬಟ್ಟೆ ಒಣಹಾಕುವ, ಕೈಯೆತ್ತುವ ಜಾಗದಿಂದ ಮೂರು ಮೀಟರ್ ದೂರದಲ್ಲಿದ್ದು ಯಾರಿಗೂ ಹಿಂದೆ ಕಣಜ ಕಡಿದು ಮೈಯೆಲ್ಲ ಊದಿದ ಇತಿಹಾಸ ಇಲ್ಲದಿದ್ದರೆ, ಬಿಟ್ಟುಬಿಡುವುದೇ ಸರಿ. ಅವು ಮರಿಗಳಿಗೆ ಉಣಿಸುವುದು ಕಂಬಳಿಹುಳುಗಳನ್ನೇ. ನಿಮ್ಮ ಕುಂಡದ ಕರಿಬೇವಿನ ಎಲೆ ತಿನ್ನುವ ಹುಳು ಅದರಲ್ಲಿ ಸೇರಿದೆ. ಎಷ್ಟೋ ಗೂಡುಗಳನ್ನು ಜನ ಬರೀ ಕಂಡಿತೆಂಬ ಕಾರಣಕ್ಕೆ ಕೆಡಹಿ, ಇಲ್ಲದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಕಿಟಕಿಯ ಕೊಂಡಿಯ ಪಕ್ಕ, ಬಾಗಿಲ ಮೇಲುಪಟ್ಟಿ, ಮೀಟರ್ ಪೆಟ್ಟಿಗೆ, ಗ್ಯಾಸ್ ಸಿಲಿಂಡರ್ ಇಡುವ ಜಾಗ, ಮಕ್ಕಳ ಮಂಚದ ಕಿಟಕಿ: ಇಲ್ಲಿದ್ದರೆ ತೆಗೆಯಲೇಬೇಕು, ಅದೂ ಬೇಗ. ನಾಲ್ಕೈದು ಕೋಣೆಯ, ಒಂದೆರಡು ಹುಳುವಿನ ಎಳೆ ಗೂಡಾದರೆ ಸಂಜೆ ಕತ್ತಲಲ್ಲಿ ಒಂದೂವರೆ ಮೀಟರ್ ಕೋಲಿನ ತುದಿಗೆ ಪುಟ್ಟಿ ಬಳಿಯುವ ಪಟ್ಟಿ ಕಟ್ಟಿ ತೊಟ್ಟು ಕೆರೆದು ಬೀಳಿಸಿ ಕಿಟಕಿ ಮುಚ್ಚಿದರೆ ಮುಗಿಯಿತು. ತಿಂಗಳು ತಡಮಾಡಿದರೆ ಅದೇ ಕೆಲಸಕ್ಕೆ ಮೈತುಂಬ ಕವಚ ಬೇಕಾಗುತ್ತದೆ.

ಸ್ವತಃ ತೆಗೆಯಲು ಮಿತಿ ಇದು: ಗೂಡು ಅಂಗೈಯಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಒಳಗೆ, ಹುಳು ಇಪ್ಪತ್ತರ ಒಳಗೆ, ಕಾಲು ನೆಲದ ಮೇಲಿರುವಾಗಲೇ ಎಟಕುವಂತಿರಬೇಕು. ಏಣಿ, ಸ್ಟೂಲ್, ಕಿಟಕಿಯಿಂದ ಹೊರಗೆ ಬಾಗುವುದು, ಗ್ರಿಲ್ ಮೇಲೆ ಹತ್ತುವುದು ಬೇಕಾದರೆ ಕೈಬಿಡಿ. ಒಂದು ಕುಟುಕು ಸಹಿಸಿಕೊಳ್ಳಬಹುದು. ಕುಟುಕಿದಾಗ ಬೆಚ್ಚಿ ಮೂರನೇ ಮಹಡಿಯಿಂದ ಬೀಳುವುದು ಬೇರೆ ಮಾತು.

ಕಾಗದ ಕಣಜದ ಸಣ್ಣ ಗೂಡು ತೆಗೆಯುವ ಕ್ರಮ

ಬೇಕಾದದ್ದು: ಗಿಡಗಳಿಗೆ ಹೊಡೆಯುವ 2 ಲೀಟರ್ ಕೈಪಂಪ್ ಸ್ಪ್ರೇಯರ್, ಪಾತ್ರೆ ತೊಳೆಯುವ ದ್ರವ ಸೋಪು, ದಪ್ಪ ಪ್ಲಾಸ್ಟಿಕ್ ಚೀಲ, ಪುಟ್ಟಿ ಬಳಿಯುವ ಪಟ್ಟಿ, ಅರ್ಧ ಬಕೆಟ್ ನೀರು, ಟಾರ್ಚ್, ಅದಕ್ಕೆ ಸುತ್ತಲು ಕೆಂಪು ಜಿಲೆಟಿನ್ ಕಾಗದ. ಸ್ಪ್ರೇಯರ್‌ಗೆ ಮೊದಲು 2 ಲೀಟರ್ ನೀರು, ಆಮೇಲೆ 60 ಮಿಲಿಲೀಟರ್ ಸೋಪು. ಸೋಪು ಮೊದಲು ಹಾಕಿದರೆ ನೊರೆ ತುಂಬಿ ಪಂಪು ಒತ್ತಡ ಹಿಡಿಯುವುದಿಲ್ಲ. ಮೂತಿಯನ್ನು ಮಂಜಿನಂತೆ ಅಲ್ಲ, ಗೆರೆಯಂತೆ ಚಿಮ್ಮುವ ಹಾಗೆ ತಿರುಗಿಸಿ, ಬಚ್ಚಲಲ್ಲಿ ಒಮ್ಮೆ ಹೊಡೆದು ಎರಡು ಮೀಟರ್ ತಲುಪುತ್ತದೋ ನೋಡಿಕೊಳ್ಳಿ.

ಸೋಪು ನೀರು ಯಾಕೆ? ಕಣಜ ಉಸಿರಾಡುವುದು ಮೈಪಕ್ಕದ ಸಣ್ಣ ರಂಧ್ರಗಳಿಂದ. ಬರೀ ನೀರು ಅದರ ಮೇಣದ ಮೈಮೇಲೆ ನಿಲ್ಲದೆ ಜಾರುತ್ತದೆ. ಸೋಪು ಸೇರಿದರೆ ಮೈಗಂಟಿ ರಂಧ್ರಗಳಿಗೆ ಇಳಿಯುತ್ತದೆ, ರೆಕ್ಕೆಯೂ ತೊಯ್ದು ಹಾರಲಾಗದು. ಸೊಳ್ಳೆ ಸ್ಪ್ರೇ ಕೂಡ ಕೊಲ್ಲುತ್ತದೆ, ಆದರೆ ಡಬ್ಬಿಯ ಗ್ಯಾಸು ಬೆಂಕಿ ಹಿಡಿಯುವಂಥದ್ದು, ಅಡುಗೆಮನೆಯ ಕಿಟಕಿಯಲ್ಲಿ ಅದು ಬೇಡ. ಅದರೊಳಗಿನ ಮದ್ದು ಮನೆಯ ಮೀನಿಗೂ ವಿಷ. ತೆರೆದ ಎರಿಗೆ ಸೋಪು ನೀರೇ ಸಾಕಾಗುತ್ತದೆ.

ಬಟ್ಟೆ: ತಿಳಿ ಬಣ್ಣದ ದಪ್ಪ ಹತ್ತಿ ಬಟ್ಟೆ ಎರಡು ಪದರ, ಅದರ ಮೇಲೆ ಮಳೆಗಾಲದ ರೇನ್‌ಕೋಟು ಮತ್ತು ಪ್ಯಾಂಟು. ಕೈಗೆ ರಬ್ಬರ್ ಗ್ಲೌಸು, ತೋಳು ಅದರೊಳಗೆ. ಕಾಲ್ಚೀಲ ಪ್ಯಾಂಟಿನ ಹೊರಗೆ ಎಳೆದು ಬೂಟು. ತಲೆಗೆ ಅಂಚಗಲದ ಟೋಪಿ, ಅದರ ಮೇಲೆ ಸೊಳ್ಳೆ ಪರದೆಯ ತುಂಡು ಕಾಲರ್‌ನೊಳಗೆ ಸೇರಿಸಿ. ಪರದೆ ಮುಖಕ್ಕೆ ತಾಗಬಾರದು. ತಾಗಿದರೆ ಅದರ ಮೂಲಕವೇ ಕಚ್ಚುತ್ತವೆ. ಇಬ್ಬರು ಬೇಕು: ಒಬ್ಬರು ಹೊಡೆಯಲು, ಇನ್ನೊಬ್ಬರು ಬಾಗಿಲು ಹಿಡಿದು ಫೋನ್ ಕೈಯಲ್ಲಿಟ್ಟುಕೊಳ್ಳಲು.

ಹೊತ್ತು: ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ. ಮುಂಬಯಿಯಲ್ಲಿ ಡಿಸೆಂಬರ್‌ನಲ್ಲಿ ಏಳು ಗಂಟೆಗೇ ಆಗುತ್ತದೆ, ಜೂನ್‌ನಲ್ಲಿ ಎಂಟೂವರೆ ಆಗಲಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಒದ್ದೆಯಾದ ಹುಳುಗಳು ಅವರ ಗ್ರಿಲ್‌ನಲ್ಲಿ ಬೀಳುತ್ತವೆ, ಒಣಹಾಕಿದ ಬಟ್ಟೆ ತೆಗೆಸಿ. ನಿಮ್ಮ ಕೋಣೆಯ ದೀಪ ಆರಿಸಿ. ಕತ್ತಲಲ್ಲಿ ಕೆದಕಿದ ಕಣಜ ಬೆಳಕಿನ ಕಡೆಗೇ ಹಾರುತ್ತದೆ. ಟ್ಯೂಬ್‌ಲೈಟು ಉರಿಯುತ್ತಿದ್ದರೆ ಎಲ್ಲವೂ ಮನೆಯೊಳಗೆ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣದು, ಹಾಗಿದ್ದೂ ಟಾರ್ಚನ್ನು ಕೈಯಲ್ಲಿ ಹಿಡಿಯದೆ ಪಕ್ಕದಲ್ಲಿ ಇಡಿ.

ಒಂದೂವರೆಯಿಂದ ಎರಡು ಮೀಟರ್ ದೂರದಿಂದ ಎರಿಯ ನಡುವಿಗೆ ಗುರಿಯಿಟ್ಟು ನಿಲ್ಲಿಸದೆ ಇಪ್ಪತ್ತು ಮೂವತ್ತು ಸೆಕೆಂಡ್ ಹೊಡೆಯಿರಿ. ಅರ್ಧಕ್ಕೆ ನಿಲ್ಲಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು: ಅಂಚಿನಲ್ಲಿ ತೊಯ್ಯದೆ ಉಳಿದ ಐದಾರು ಹುಳು ಎದ್ದುಬರುವುದು ಆಗಲೇ. ಕಿಟಕಿ ಮುಚ್ಚಿ ಹತ್ತು ನಿಮಿಷ ಕಾಯಿರಿ, ಮತ್ತೊಮ್ಮೆ ಹೊಡೆಯಿರಿ. ಕೆಳಗೆ ಬಿದ್ದವು ಸತ್ತಂತೆ ಕಂಡರೂ ಕೊಂಡಿ ಕೆಲಸ ಮಾಡುತ್ತದೆ, ಬರಿಗೈ ಬರಿಗಾಲು ಬೇಡ. ಗೂಡಿನ ಹತ್ತಿರ ಹುಳುವನ್ನು ಜಜ್ಜಲೂ ಬೇಡ. ಜಜ್ಜಿದ ವಿಷದ ವಾಸನೆಯೇ ಉಳಿದವನ್ನು ಕೆರಳಿಸುತ್ತದೆ.

ಬಳಿಕ ಚೀಲವನ್ನು ಕೆಳಗಿನಿಂದ ಗೂಡಿಗೆ ತೊಡಿಸಿ ತೊಟ್ಟನ್ನು ಪಟ್ಟಿಯಿಂದ ಕತ್ತರಿಸಿ. ಎರಿಯನ್ನು ಸೋಪು ನೀರಿನ ಬಕೆಟ್ಟಿನಲ್ಲಿ ಕಲ್ಲು ಹೇರಿ ಇಡೀ ರಾತ್ರಿ ಮುಳುಗಿಸಿಡಿ. ಮುಚ್ಚಿದ ಕೋಣೆಗಳಲ್ಲಿ ಬೆಳೆದ ಮರಿಗಳಿರುತ್ತವೆ, ಕಸದ ಡಬ್ಬಿಯಲ್ಲೇ ಅವು ಹೊರಬರಬಹುದು. ಹಾಗೇ ಎಸೆದರೆ ಮರುದಿನ ಕಸ ಬೇರ್ಪಡಿಸುವ ಹೆಂಗಸಿನ ಕೈಗೆ ಕಚ್ಚುತ್ತದೆ.

ಮೀಟರ್ ಪೆಟ್ಟಿಗೆ, ಏಸಿಯ ಹೊರಘಟಕ, ಸ್ವಿಚ್ ಬೋರ್ಡಿನ ಮೇಲೆ ಈ ಕ್ರಮ ಬಳಸಬಾರದು. ನೀರು ಮತ್ತು ಕರೆಂಟಿನ ಮಾತು ಅದು.

ದೋಷ: ಏಸಿಯ ಒಳಘಟಕದಿಂದ ನೀರು ತೊಟ್ಟಿಕ್ಕುತ್ತಿದೆ

ಮಾರ್ಚ್‌ನಲ್ಲಿ ಮೊದಲ ಸಲ ಏಸಿ ಹಾಕಿದಾಗ ಅರ್ಧ ಗಂಟೆಯಲ್ಲಿ ಗೋಡೆಗುಂಟ ನೀರು ಇಳಿದರೆ ಗ್ಯಾಸು ತುಂಬಿಸಲು ಓಡುವ ಮೊದಲು ಹೊರಗೆ ಇಳಿಬಿಟ್ಟ ನೀರು ಕೊಳವೆಯ ತುದಿ ನೋಡಿ. ಚಳಿಗಾಲದಲ್ಲಿ ಒಣಗಿದ್ದ ಆ ಬೆರಳು ದಪ್ಪದ ಕೊಳವೆ ಒಂಟಿ ಕಣಜಗಳಿಗೆ ಹೇಳಿ ಮಾಡಿಸಿದ ತೊಟ್ಟಿಲು. ತುದಿಯಲ್ಲಿ ಮಣ್ಣಿನ ಬಿರಡೆ ಕಂಡರೆ ದೋಷ ಸಿಕ್ಕಿತು. ಏಸಿಯ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸಿ, ಬಗ್ಗಿಸಿದ ತಂತಿಯಿಂದ ಮಣ್ಣನ್ನು ಹೊರಕ್ಕೆ ಎಳೆಯಿರಿ, ಒಳಕ್ಕೆ ತಳ್ಳಬೇಡಿ. ತಳ್ಳಿದರೆ ತಿರುವಿನಲ್ಲಿ ಕೂತು ಕೊಳವೆಯನ್ನೇ ಬಿಚ್ಚಬೇಕಾಗುತ್ತದೆ. ಒಂದರ ಹಿಂದೆ ಒಂದು ಕೋಣೆ ಇರುವುದರಿಂದ 10–15 ಸೆಂಟಿಮೀಟರ್ ಆಳದವರೆಗೂ ನೋಡಿ. ಆಮೇಲೆ ಒಳಘಟಕದ ತಟ್ಟೆಗೆ ಒಂದು ಲೀಟರ್ ನೀರನ್ನು ಸಣ್ಣಗೆ ಸುರಿದು ಹೊರಗೆ ಸಲೀಸಾಗಿ ಬರುತ್ತದೋ ನೋಡಿ. ತುದಿಗೆ 2 ಮಿಲಿಮೀಟರ್ ಕಣ್ಣಿನ ಜಾಲರಿ ಕಟ್ಟಿ. ಸೊಳ್ಳೆ ಪರದೆಯಷ್ಟು ಸಣ್ಣದು ಹಾಕಿದರೆ ಲೋಳೆ ಕಟ್ಟಿ ಅದೇ ದೋಷ ಮತ್ತೆ ಬರುತ್ತದೆ. ಎರಡು ತಿಂಗಳಿಗೊಮ್ಮೆ ಜಾಲರಿ ಉಜ್ಜಬೇಕು.

ಸಣ್ಣ ತೂತಿಗೆ ಮಣ್ಣು ತುಂಬುವ ಈ ಅಭ್ಯಾಸ ಎಲ್ಲಿಗೆ ಮುಟ್ಟಬಹುದೆಂದರೆ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2013ರಲ್ಲಿ ವಿಮಾನದ ವೇಗ ಅಳೆಯುವ ನಳಿಗೆಯೊಳಗೆ ಒಂಟಿ ಕಣಜ ಮಣ್ಣು ತುಂಬಿ, ಹಾರಿದ ವಿಮಾನ ವೇಗ ತಿಳಿಯದೆ ಹಿಂದಿರುಗಿ ಇಳಿಯಬೇಕಾಯಿತು.

ಸಾಕೆಟ್ಟಿನಲ್ಲಿ ಪ್ಲಗ್ ಒಳಗೆ ಹೋಗುತ್ತಿಲ್ಲ, ತೂತಿನಲ್ಲಿ ಮಣ್ಣು ಕಾಣುತ್ತಿದೆ ಎಂದರೂ ಕಾರಣ ಇದೇ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಮುಖ್ಯ ಎಂಸಿಬಿ ಇಳಿಸಿ, ಟೆಸ್ಟರ್‌ನಿಂದ ನೋಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ.

ದೋಷ: ಗ್ಯಾಸ್ ಗೀಸರ್ ಆರಿ ಆರಿ ಹೋಗುತ್ತಿದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೊಗೆ ಹೊರಗೆ ಹೋಗುವ ಕೊಳವೆಯ ಬಾಯಲ್ಲಿ ಗೂಡು ಕಟ್ಟಿದರೆ ಉರಿಗೆ ಗಾಳಿ ಸಾಲದೆ ನೀಲಿ ಜ್ವಾಲೆ ಹಳದಿಯಾಗುತ್ತದೆ, ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆಸಿಡಿತ, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆಯೇ ಇಲ್ಲ. ಹಳದಿ ಜ್ವಾಲೆ, ಮಸಿ, ಸ್ನಾನದಲ್ಲಿ ತಲೆನೋವು, ಇವುಗಳಲ್ಲಿ ಒಂದು ಕಂಡರೂ ಗ್ಯಾಸು ಬಂದ್ ಮಾಡಿ ಕಿಟಕಿ ತೆರೆದು ಹೊರಬನ್ನಿ. ಕೊಳವೆ ಪೂರ್ತಿ ಬಿಚ್ಚಿ ಸ್ವಚ್ಛ ಮಾಡಿಸಿ ತಂತ್ರಜ್ಞ ಪರೀಕ್ಷಿಸುವವರೆಗೆ ಗೀಸರ್ ಹಚ್ಚಬೇಡಿ. ಊರಿಗೆ ಹೋಗಿ ತಿಂಗಳು ಕಳೆದು ಬಂದವರು ಮೊದಲ ಸ್ನಾನಕ್ಕೆ ಮುನ್ನ ಈ ಬಾಯಿಯನ್ನು ನೋಡಲೇಬೇಕು.

ದೋಷ: ಗೋಡೆಯ ತೂತಿನಲ್ಲಿ ದೊಡ್ಡ ಕಡಜ

ಎಲ್ಲರೂ ಮಾಡುವುದು ತೂತನ್ನು ಎಂ-ಸೀಲ್‌ನಿಂದಲೋ ಸಿಮೆಂಟಿನಿಂದಲೋ ಮುಚ್ಚುವುದು. ಒಳಗಿನ ನೂರಾರು ಹುಳುಗಳಿಗೆ ಹೊರಗಿನ ದಾರಿ ಮುಚ್ಚಿದರೆ ಅವು ಒಳಗಿನ ದಾರಿ ಹುಡುಕುತ್ತವೆ: ಸ್ವಿಚ್ ಬೋರ್ಡಿನ ಸಂದಿ, ಫಾಲ್ಸ್ ಸೀಲಿಂಗ್‌ನ ದೀಪದ ತೂತು, ಏಸಿಯ ಕೊಳವೆ ಬರುವ ಬಾಯಿ. ಮರುದಿನ ಬೆಳಿಗ್ಗೆ ಮಲಗುವ ಕೋಣೆಯಲ್ಲಿ ಕಡಜ ಕಾಣುವುದು ಹೀಗೆ. ಜೀವಂತ ಗೂಡಿನ ಬಾಯಿಯನ್ನು ಎಂದೂ ಮುಚ್ಚಬಾರದು. ಸೀಲಿಂಗ್‌ನಿಂದ ಕರಕರ ಸದ್ದು, ಮೆತ್ತಗಾದ ಕಂದು ಕಲೆ ಇದ್ದರೆ ಅದನ್ನು ಬೆರಳಿನಿಂದ ಒತ್ತಿ ನೋಡಲೂ ಹೋಗಬೇಡಿ. ಆ ಕೋಣೆಯ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಟವೆಲ್ ತುರುಕಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವಾಗ ಕೇಳಬೇಕಾದದ್ದು: 1968ರ ಕೀಟನಾಶಕ ಕಾಯ್ದೆಯಡಿ ಪಡೆದ ಪರವಾನಗಿ ಇದೆಯೇ, ಕೆಲಸಗಾರರಿಗೆ ಪೂರ್ತಿ ಮೈಮುಚ್ಚುವ ಜಾಲರಿ ಉಡುಪು ಇದೆಯೇ, ಎತ್ತರವಾದರೆ ಸುರಕ್ಷಾ ಬೆಲ್ಟು ತರುತ್ತಾರೆಯೇ, ಕತ್ತಲಾದ ಮೇಲೆ ಬರುತ್ತಾರೆಯೇ, ಗೂಡನ್ನು ಹೊರತೆಗೆಯುವುದು ಹಣದಲ್ಲಿ ಸೇರಿದೆಯೇ. ಕೊನೆಯದನ್ನು ಮರೆತರೆ ಗೋಡೆಯೊಳಗೆ ಮರಿಗಳು ಕೊಳೆತು ವಾರದಲ್ಲಿ ದುರ್ವಾಸನೆ, ಅದರ ಹಿಂದೆ ಇರುವೆ, ಜಿರಳೆ. ಹಗಲು ಹನ್ನೆರಡಕ್ಕೆ ಬಂದು ಹೊಡೆಯುತ್ತೇನೆ ಎನ್ನುವವನನ್ನು ಹಿಂದೆ ಕಳಿಸಿ, ಅರ್ಧ ಹುಳುಗಳು ಹೊರಗಿರುತ್ತವೆ. ಅವರು ಬಳಸುವ ಪೈರೆಥ್ರಾಯ್ಡ್ ಮದ್ದು ಮೀನಿಗೆ ತೀರ ವಿಷ: ಅಕ್ವೇರಿಯಂ ಮುಚ್ಚಿ, ಗಾಳಿ ಪಂಪು ನಿಲ್ಲಿಸಿ, ಬೆಕ್ಕನ್ನು ಬೇರೆ ಮನೆಗೆ ಕಳಿಸಿ. ಒಂದೆರಡು ದಿನ ಓಡಾಟ ಪೂರ್ತಿ ನಿಂತದ್ದು ಖಾತ್ರಿಯಾದ ಮೇಲಷ್ಟೇ ತೂತು ಮುಚ್ಚುವುದು.

ಗೋವಾದ ಮುರಕಲ್ಲಿನ ಹಳೇ ಮನೆಗಳಲ್ಲಿ ಗೋಡೆಯೇ ತೂತುಮಯ, ಮೇಲೆ ಮಂಗಳೂರು ಹೆಂಚು. ಹೆಂಚಿನಡಿಯ ಗೂಡಿಗೆ ಕೆಳಗಿನಿಂದ ಹೊಗೆ ಹಾಕುವ ರೂಢಿ ಇದೆ. ಹೊಗೆ ಜೇನಿಗೆ ಕೆಲಸ ಮಾಡುತ್ತದೆ, ಏಕೆಂದರೆ ಹೊಗೆ ಕಂಡರೆ ಜೇನುಹುಳು ತುಪ್ಪ ಹೀರಿಕೊಂಡು ಹೊಟ್ಟೆ ತುಂಬಿ ಸೌಮ್ಯವಾಗುತ್ತದೆ. ಕಣಜದ ಗೂಡಿನಲ್ಲಿ ಹಾಗೆ ಹೀರಲು ತುಪ್ಪದ ಕೋಠಿಯಿಲ್ಲ. ಹೊಗೆಗೆ ಅದು ಕೆರಳುತ್ತದೆಯೇ ಹೊರತು ಸುಮ್ಮನಾಗುವುದಿಲ್ಲ. ಒಣ ಮರದ ಜಂತಿ, ಕಾಗದದ ಗೂಡು, ಪಂಜು ಒಂದೆಡೆ ಸೇರಿದರೆ ಹೋಗುವುದು ಮಾಡು. ಸೀಮೆಎಣ್ಣೆ, ಪೆಟ್ರೋಲ್ ಎರಚುವುದಕ್ಕೂ ಇದೇ ಉತ್ತರ.

ಕಚ್ಚಿದರೆ

ಕಣಜ ಕೊಂಡಿ ಬಿಟ್ಟುಹೋಗುವುದಿಲ್ಲ, ಒಂದೇ ಹುಳು ಹಲವು ಸಲ ಕಚ್ಚಬಲ್ಲದು. ಚರ್ಮದಲ್ಲಿ ಮುಳ್ಳು ಉಳಿದಿದ್ದರೆ ಅದು ಜೇನು; ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮೊದಲು ಜಾಗ ಬಿಟ್ಟು ಮುಚ್ಚಿದ ಕೋಣೆಗೆ ಹೋಗಿ. ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ ಕೂಡಲೇ ಬಿಚ್ಚಿ, ಊದಿದ ಮೇಲೆ ಬಾರವು. ಸುಣ್ಣ ಹಚ್ಚುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಸುಣ್ಣ ಚರ್ಮ ಸುಡುತ್ತದೆ, ನೋವಿನ ಮೇಲೆ ಹುಣ್ಣು ಸೇರುತ್ತದೆ, ಬೇಡ.

ಕಚ್ಚಿದ ಜಾಗವಲ್ಲದೆ ಮೈಯ ಬೇರೆಡೆ ದದ್ದು, ತುಟಿ ನಾಲಿಗೆ ಊತ, ಉಸಿರು ಕಟ್ಟುವುದು, ದನಿ ಒಡೆಯುವುದು, ವಾಂತಿ, ಕಣ್ಣು ಕತ್ತಲೆ: ಇವು ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲ ಅಲರ್ಜಿ. 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಗೋವಾ ಎರಡರಲ್ಲೂ ಆಂಬುಲೆನ್ಸ್‌ಗೆ ಅದೇ ಸಂಖ್ಯೆ. ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಇದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಸಿಟ್ರಿಜಿನ್ ಮಾತ್ರೆ ತುರಿಕೆಗಷ್ಟೇ. ಅದನ್ನು ಕೊಟ್ಟು ಕಾಯುತ್ತಾ ಕೂರುವುದು ಅಪಾಯ. ಬಾಯಿ ಗಂಟಲಿನೊಳಗೆ ಕಚ್ಚಿದ್ದರೆ, ಹತ್ತಾರು ಕಡೆ ಕಚ್ಚಿದ್ದರೆ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ದೊಡ್ಡ ಕಡಜದ ಹಲವು ಕುಟುಕಿನ ಬಳಿಕ ಮೂತ್ರ ಕಡುಗೆಂಪಾದರೆ, ಕಡಿಮೆಯಾದರೆ, ಅದು ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಸೂಚನೆ. ಎರಡು ಮೂರು ದಿನ ಇದನ್ನು ಗಮನಿಸಬೇಕು.

ದೋಷ: ತೆಗೆದರೂ ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿವೆ

ಗೂಡು ತೆಗೆದ ಮರುದಿನ ಬೆಳಿಗ್ಗೆ ನಾಲ್ಕೈದು ಹುಳು ಅದೇ ಜಾಗದಲ್ಲಿ ಸುತ್ತುತ್ತಿದ್ದರೆ ಗಾಬರಿಯಾಗಬೇಡಿ. ಸ್ಪ್ರೇ ತಪ್ಪಿಸಿಕೊಂಡವು ಅವು, ಮೂರು ನಾಲ್ಕು ದಿನ ಹುಡುಕಿ ಚದುರುತ್ತವೆ. ವಾರ ಕಳೆದರೂ ಇದ್ದು ಹೊಸ ತೊಟ್ಟು ಕಂಡರೆ ಕಾರಣ ಮೂರರಲ್ಲಿ ಒಂದು.

ಹಳೇ ತೊಟ್ಟು ಉಳಿದಿದೆ. ಬುಡ ಸಮೇತ ಕೆರೆದು ಸೋಪಿನಿಂದ ಉಜ್ಜಿ, ಒಣಗಿದ ಮೇಲೆ ವ್ಯಾಸಲೀನ್ ತೆಳ್ಳಗೆ ಬಳಿಯಿರಿ, ಹೊಸ ತೊಟ್ಟು ಅಂಟುವುದು ಕಷ್ಟ. ಗ್ರಿಲ್‌ಗೆ ಆಯಿಲ್ ಪೇಂಟ್ ಹೊಡೆಸಿದರೆ ಇನ್ನೂ ಒಳ್ಳೆಯದು.

ಎರಡನೆಯದು ನೀರು ಮತ್ತು ಸಾಮಗ್ರಿ. ಏಸಿಯ ತೊಟ್ಟಿಕ್ಕುವ ನೀರು, ಕುಂಡದ ತಟ್ಟೆ, ವಾಷಿಂಗ್ ಮಷಿನ್ ಕೊಳವೆ, ಇವು ಕಣಜದ ನೀರಿನ ಮನೆ. ಗ್ರಿಲ್‌ನಲ್ಲಿ ಒಟ್ಟಿದ ರಟ್ಟಿನ ಪೆಟ್ಟಿಗೆ, ಬಣ್ಣ ಹೋದ ಮರದ ಚೌಕಟ್ಟು ಅದರ ಕಾಗದದ ಕಾರ್ಖಾನೆ. ಮಧ್ಯಾಹ್ನದ ನಿಶ್ಶಬ್ದದಲ್ಲಿ ಮರ ಕೆರೆಯುವ ಸದ್ದು ಕೇಳಿದರೆ ಆ ಚೌಕಟ್ಟಿಗೆ ವಾರ್ನಿಷ್ ಬೇಕು.

ಮೂರನೆಯದು ತೆರೆದ ಬಾಯಿಗಳು. ಏಸಿ ಕೊಳವೆಯ ಸುತ್ತಲ ಸಂದಿಗೆ ವೈಟ್ ಸಿಮೆಂಟು ಅಥವಾ ಎಂ-ಸೀಲ್. ಕೇಬಲ್ ತೂತಿಗೆ ಸಿಲಿಕಾನ್. ಎಕ್ಸಾಸ್ಟ್ ಫ್ಯಾನ್, ಡಕ್ಟಿನ ಕಿಂಡಿಗೆ 2 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಜಾಲರಿ. ಮುಂಬಯಿ, ಗೋವಾದ ಉಪ್ಪು ಗಾಳಿಗೆ ತಗಡಿನ ಜಾಲರಿ ಬೇಗ ತುಕ್ಕು ಹಿಡಿದು ಹರಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ 304 ತನ್ನಿ. ಪುಣೆಯಲ್ಲಿ ಆ ತೊಂದರೆ ಕಡಿಮೆ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಗಾಳಿಕಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಸಿಮೆಂಟ್ ಹಾಕಿ ಮುಚ್ಚಬೇಡಿ, ಜಾಲರಿಯಷ್ಟೇ.

ಮಣ್ಣಿನ ಗೂಡನ್ನು ಗೋಡೆಯಿಂದ ತೆಗೆಯುವಾಗ ಒಣಗಿರುವಾಗಲೇ ಪಟ್ಟಿಯಿಂದ ಎಬ್ಬಿಸಿ, ಉಳಿದ ಪುಡಿ ಗುಡಿಸಿ, ಆಮೇಲೆ ಒದ್ದೆ ಬಟ್ಟೆ. ಮೊದಲೇ ನೀರು ಹಾಕಿದರೆ ಡಿಸ್ಟೆಂಪರ್ ಮೇಲೆ ಕೆಂಗಂದು ಕಲೆ ನಿಲ್ಲುತ್ತದೆ.

ಇನ್ನೊಂದು. ಸಜ್ಜಾದ ಮೇಲೆ ಇಳಿಯುವ ಏಸಿ ಮೆಕ್ಯಾನಿಕ್, ಹಗ್ಗದಲ್ಲಿ ತೂಗಿ ಬಣ್ಣ ಬಳಿಯುವವನು, ಕೇಬಲ್ ಎಳೆಯುವ ಹುಡುಗ, ಇವರಿಗೆ ಗೂಡು ಎಲ್ಲಿದೆ ಎಂದು ಕೆಲಸ ಶುರುವಾಗುವ ಮುನ್ನ ಬಾಯಿಬಿಟ್ಟು ಹೇಳಿ, ಚಿತ್ರ ತೋರಿಸಿ. ಬಿಡಲು ತೀರ್ಮಾನಿಸಿದ ಗೂಡಾದರೂ ಸರಿ, ಕಿಟಕಿಯ ಒಳಬದಿಗೆ ಒಂದು ಚೀಟಿ ಅಂಟಿಸಿ: "ಹೊರಗೆ ಬಲಗಡೆ, ಏಸಿಯ ಹಿಂದೆ, ಗಾಂಧೀಲ್‌ಮಾಶಿ." ಮರಾಠಿಯಲ್ಲೂ ಬರೆಯಿರಿ.